ಬೇವಿನ ಮರದ ತಪ್ಪಲ್ಲ

36,000 ಕಿಲೋಮೀಟರು ದಾಟಿ ಬಂದದ್ದು ಕಡೇ 30 ಅಡಿಯಲ್ಲಿ ಸಾಯುತ್ತದೆ. ಡಿಶ್ಶು ಇಟ್ಟುಕೊಂಡ ಬಡವರ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ಇದೇ ಕತೆ. ಭೂಮಧ್ಯರೇಖೆಯ ಮೇಲೆ ಅಷ್ಟೆತ್ತರದಲ್ಲಿ ನಿಂತ ಉಪಗ್ರಹ ಹಗಲೂ ರಾತ್ರಿ ತನ್ನ ಪಾಡಿಗೆ ತಾನು ಸುರಿಯುತ್ತಲೇ ಇರುತ್ತದೆ. ಇದು ಊರು, ಇದು ಕೇರಿ ಅಂತ ಅದಕ್ಕೆ ಗೊತ್ತಿಲ್ಲ. ಊರಿನ ತಾರಸಿ ಮೇಲೆ ಎಷ್ಟು ಬೀಳುತ್ತದೋ ಕೇರಿಯ ಹೆಂಚಿನ ಮೇಲೂ ಅಷ್ಟೇ ಬೀಳುತ್ತದೆ. ಕೆಡುವುದೆಲ್ಲ ಅಲ್ಲಿಂದ ಈಚೆಗೆ. ತಟ್ಟೆ, ಕಂಬ, ಬೋಲ್ಟು, ತಂತಿ, ಪಿನ್ನು. ಮನುಷ್ಯ ಕೈ ಇಟ್ಟ ಜಾಗದಲ್ಲಿ.

ಪದ್ಯ ಬರೆಯೋನಿಗೆ ಡಿಶ್ಶಿನ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಟ್ಟಿದವನು ನಾನು. ಹಾಗಾಗಿ ಆಸ್ಪತ್ರೆ ಚೀಟಿ, ಕರೆಂಟು ಬಿಲ್ಲು, ಸಂಘದ ಸಾಲದ ಪುಸ್ತಕ ಎಲ್ಲವೂ ನನ್ನ ಕೈಗೇ ಬರುತ್ತವೆ. 'ಓದ್ದವನಲ್ವ, ನೋಡಪ್ಪ' ಅಂತಾರೆ. ಕೆಟ್ಟ ಡಿಶ್ಶೂ ಹಾಗೇ ಬಂತು. ಕನ್ನಡ ಬಿ.ಎ. ಓದಿದವನಿಗೆ ಎಲ್‌ಎನ್‌ಬಿ ಅಂದರೇನು ಅಂತ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಓದು ಅಂದರೆ ಕೇಳೋದು ತಾನೆ? ಯಾಕೆ, ಹೆಂಗೆ, ಯಾರು ಕಂಡರು ಅಂತ ಕೇಳೋದು. ಆ ಕೇಳ್ವಿಕೆ ಒಂದಿದ್ದರೆ ಪದ್ಯಕ್ಕೂ ಆಯಿತು, ಡಿಶ್ಶಿಗೂ ಆಯಿತು.

ಈ ತಟ್ಟೆ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದರು. ಸೈಟ್ ಅಂತ ಅದರ ಹೆಸರು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ರಾಜಧಾನಿಯ ಸಾಹುಕಾರರು ಕಾಣುವುದಕ್ಕೆ ಮುಂಚೆ ಆ ಬಿಸಿಲು ಸೀಮೆಯ ಮಕ್ಕಳು ಬೆಳಿಗ್ಗೆ ಹೊತ್ತು ಉಪಗ್ರಹದಿಂದ ಬಂದ ಪಾಠ ಕಂಡವು. ಸಂಜೆ ಹೊತ್ತು ಬೇಸಾಯ, ಆರೋಗ್ಯ ಅಂತ ದೊಡ್ಡವರು ನೋಡಿದರು. ವರ್ಷ ತುಂಬಿದ ಮೇಲೆ ಕೊಟ್ಟವರು ತಮ್ಮ ಉಪಗ್ರಹವನ್ನು ವಾಪಸು ತಕ್ಕೊಂಡರು.

ಆಗಿನ ತಟ್ಟೆ ಏನಿತ್ತು ಗೊತ್ತೆ? ಕೋಳಿ ಗೂಡಿಗೆ ಹಾಕುವ ತಂತಿ ಬಲೆ. ಹತ್ತಡಿ ಅಗಲದ ಚೌಕಟ್ಟಿಗೆ ಕೋಳಿ ಬಲೆ ಬಿಗಿದು ಆಕಾಶಕ್ಕೆ ಒಡ್ಡಿದ್ದರು. ಆಗ ಬರುತ್ತಿದ್ದ ಅಲೆ 860 ಮೆಗಾಹರ್ಟ್ಸಿನದು. ಒಂದೊಂದು ಅಲೆಯ ಉದ್ದ 35 ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ಹೆಚ್ಚು. ಅಷ್ಟುದ್ದದ ಅಲೆಗೆ ಬಲೆಯ ತೂತು ತೂತೇ ಅಲ್ಲ, ಗೋಡೆ. ಮಳೆ ಹನಿಯೂ ಅದಕ್ಕೆ ಲೆಕ್ಕಕ್ಕಿಲ್ಲ. ಈಗಿನ ಮನೆ ಡಿಶ್ಶಿಗೆ ಬರುವುದು ಕೆಯು ಬ್ಯಾಂಡಿನ ಅಲೆ. ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ಬೆರಳಿನ ಒಂದು ಗೆಣ್ಣಷ್ಟು. ಅದಕ್ಕೇ ಎರಡಡಿ ತಟ್ಟೆ ಸಾಕಾಗುತ್ತದೆ. ಅದಕ್ಕೇ ತಗಡು ಡೊಂಕಾದರೆ ಕೆಡುತ್ತದೆ, ಜೋರು ಮಳೆ ಬಂದರೆ ಹನಿಗಳು ಅಲೆಯನ್ನು ಕುಡಿದು ಚೆದುರಿಸಿಬಿಡುತ್ತವೆ. ತಟ್ಟೆ ಸಣ್ಣದಾಯಿತು, ನಾಜೂಕೂ ಹೆಚ್ಚಾಯಿತು.

ಇನ್ನೊಂದು ಮಾತು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದು ಮೇಲೆ ಹೋದದ್ದೂ 1975ರಲ್ಲೇ. ಇನ್ಸಾಟ್ ಉಪಗ್ರಹಗಳು ತಮ್ಮ ಜಾಗ ಬಿಟ್ಟು ಸರಿಯದಂತೆ ಕಾಯುವ ಕೇಂದ್ರ 1982ರಿಂದ ಹಾಸನದಲ್ಲಿದೆ. ಹಾಸನ ನಮ್ಮೂರಿಂದ ಒಂದು ಹಗಲಿನ ಬಸ್ಸು ದಾರಿ. ಅಲ್ಲಿ ಕೂತವರು 36,000 ಕಿಲೋಮೀಟರು ದೂರದ್ದನ್ನು ಜಾಗ ತಪ್ಪದ ಹಾಗೆ ಹಿಡಿದು ನಿಲ್ಲಿಸುತ್ತಾರೆ. ಇಲ್ಲಿ ಕೇರಿಯಲ್ಲಿ ಒಂದು ಬೋಲ್ಟನ್ನು ಬಿಗಿಯಾಗಿ ತಿರುಗಿಸುವವರಿಲ್ಲ. ನಾನು ಹೇಳುವ 30 ಅಡಿ ಅಂದರೆ ಇದು.

ನಮ್ಮದು ಚಾಮರಾಜನಗರದ ಕಡೆ ಒಂದು ಹಳ್ಳಿ. 2020ರಲ್ಲಿ ಕೊರೊನಾ ಬಂದು ಸ್ಕೂಲುಗಳಿಗೆ ಬೀಗ ಬಿತ್ತು. ನನ್ನ ತಂಗಿ ಆ ವರ್ಷ ಎಸ್ಸೆಸ್ಸೆಲ್ಸಿ. ಫೋನಿನಲ್ಲಿ ಪಾಠ ಕೇಳಿ ಅಂದರು. ಮನೆಯಲ್ಲಿದ್ದ ಒಂದೇ ಒಂದು ಒಳ್ಳೆ ಫೋನು ನನ್ನದು, ಅದರ ಗಾಜು ಒಡೆದಿತ್ತು. ನೆಟ್‌ವರ್ಕು ಬೇಕೆಂದರೆ ಕೆರೆ ಏರಿ ಹತ್ತಬೇಕು. ಆಮೇಲೆ ದೂರದರ್ಶನದ ಚಂದನದಲ್ಲಿ ಪಾಠ ಬರುತ್ತದೆ ಅಂತ ಗೊತ್ತಾಯಿತು. ಅಪ್ಪ ಗಾರೆ ಕೆಲಸಕ್ಕೆ ಹೋಗಿದ್ದ ಮನೆಯವರು ಬಾಕಿ ಕೂಲಿಗೆ ಬದಲಾಗಿ ಕೊಟ್ಟ ಹಳೇ ಟಿ.ವಿ. ಮೂಲೇಲಿತ್ತು. ಅವ್ವ ಸಂಘದಲ್ಲಿ ಸಾಲ ಎತ್ತಿ ದೂರದರ್ಶನದ ಫ್ರೀ ಡಿಶ್ ಕೊಂಡಳು. ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ತಿಂಗಳ ಚಂದಾ ಇಲ್ಲ. ಅಂಗಡಿಯವನು ಒಬ್ಬ ಆಳನ್ನು ಕಳಿಸಿ ತಾರಸಿ ಮೇಲೆ ಕೂರಿಸಿಕೊಟ್ಟ.

ಹದಿನೈದು ದಿವಸ ಚೆನ್ನಾಗಿ ಬಂತು. ಆಮೇಲೆ ಮಳೆ ಹಿಡೀತು. ಮೇಷ್ಟ್ರ ಮುಖ ಚೂರು ಚೂರಾಗಿ, ಚೌಕ ಚೌಕವಾಗಿ ಒಡೆಯೋದು. ಬಾಯಿ ಒಂದು ಕಡೆ, ಸೀಮೆಸುಣ್ಣ ಹಿಡಿದ ಕೈ ಇನ್ನೊಂದು ಕಡೆ. ಮಾತು ಉಗ್ಗಿ ಉಗ್ಗಿ ನಿಲ್ಲೋದು. ಆಮೇಲೆ ಕಪ್ಪು ಪರದೆ ಮೇಲೆ ಸಿಗ್ನಲ್ ಇಲ್ಲ ಅನ್ನೋ ಅಕ್ಷರ. ತಂಗಿ ಪಾಠ ಬರೆದುಕೊಳ್ಳುತ್ತಾ, ಹೋದ ಜಾಗದಲ್ಲೆಲ್ಲ 'ಕಟ್' ಅಂತ ಬರೆದು ಎರಡು ಗೆರೆ ಖಾಲಿ ಬಿಡುತ್ತಿದ್ದಳು. ಸಮಾಂತರ ಶ್ರೇಢಿಯ ಪಾಠ ಇದ್ದ ದಿವಸ ನೋಟ್ ಬುಕ್ಕಿನ ಒಂದೇ ಪುಟದಲ್ಲಿ ಒಂಬತ್ತು ಕಟ್ಟು. ಆ ಪುಟ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ಅಂಗಡಿಯವನಿಗೆ ಮೂರು ಸಲ ಹೇಳಿ ಕಳಿಸಿದ ಮೇಲೆ ಅವನೇ ಬಂದ. ಕೇರಿ ಬಾಯಲ್ಲಿ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಗಾಡಿ ಮೇಲೆ. ಅಪ್ಪ ಏಣಿ ತಂದು ಗೋಡೆಗೆ ಒರಗಿಸಿ ಕಾಯುತ್ತಿದ್ದರು. ಅವನು ಅಲ್ಲಿಂದಲೇ ಕತ್ತೆತ್ತಿ ನೋಡಿ ಹೇಳಿದ: 'ಆ ಬೇವಿನ ಮರ ಅಡ್ಡ ಬತ್ತದ. ಕಡಿಸ್ಬುಡಿ, ಸರಿಯಾಯ್ತದ.' ಬಂದದ್ದಕ್ಕೆ 200 ರೂಪಾಯಿ ಇಸಕೊಂಡ. ಹೊರಟುಹೋದ.

ಆ ಮರ ನನ್ನ ಅಜ್ಜಿ ನೆಟ್ಟದ್ದು. ನಮ್ಮ ಮನೆಗೆ ಬಿಸಿಲು ಕಾಲದಲ್ಲಿ ಫ್ಯಾನು ಅಂದರೆ ಅದೇ. ಕೂಸುಗಳಿಗೆ ಅಮ್ಮ ಎದ್ದರೆ ಸೊಪ್ಪು ಅದರದ್ದೇ. ಸಂಜೆ ಹೊತ್ತು ಕೇರಿಯ ಹೆಂಗಸರು ಕೂತು ಅಕ್ಕಿ ಆರಿಸುವುದು ಅದರ ಬುಡದಲ್ಲೇ. ಅವ್ವ ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು: 'ಮರ ಕಡುದ್ರ ಕೂಸು ಪಾಸಾದದ ಮಗ?' ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮಗಳ ಓದಿಗಾಗಿ ಅವ್ವ ಮರವನ್ನೂ ಕೊಟ್ಟಾಳು, ಕೈಬಳೆಯನ್ನೂ ಕೊಟ್ಟಾಳು. ಬಡವರ ಹತ್ತಿರ ಕೇಳುವುದು ಸುಲಭ. ಅವರು ಇದ್ದಬದ್ದದ್ದನ್ನೆಲ್ಲ ಕೊಟ್ಟೇ ಅಭ್ಯಾಸ.

ನಾನು ಅಂದೆ, 'ಇರವ್ವ. ಮರದ್ದೇ ತಪ್ಪಾ ಅಂತ ಮೊದ್ಲು ನೋಡವ.'

ಐಟಿಐ ಮಾಡಿದ ಗೆಳೆಯನೊಬ್ಬ ಮೈಸೂರಲ್ಲಿದ್ದ. ಕೆರೆ ಏರಿ ಮೇಲೆ ನಿಂತು ಅವನಿಗೆ ಫೋನು ಮಾಡಿದೆ. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಫ್ರೀ ಡಿಶ್ ಆಗ ಬರುತ್ತಿದ್ದದ್ದು ಜಿಸ್ಯಾಟ್-15ರಿಂದ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಿತ್ತು. ನಮ್ಮ ಸೀಮೆಯಿಂದ ನೋಡಿದರೆ ಆ ಜಾಗ ಆಗ್ನೇಯಕ್ಕೆ, ಆಗ್ನೇಯದಿಂದ ತುಸು ಪೂರ್ವಕ್ಕೆ ವಾಲಿ. ಎತ್ತರದಲ್ಲಿ ನೆಲದಿಂದ ಸುಮಾರು 66 ಡಿಗ್ರಿ. ಅಂದರೆ ನೆತ್ತಿಯ ಕಡೆಗೇ ಹೆಚ್ಚು, ದಿಗಂತದ ಕಡೆಗೆ ಕಮ್ಮಿ.

ಈ 66 ಡಿಗ್ರಿ ಅನ್ನೋದು ಮರಕ್ಕೆ ಜೀವದಾನ ಮಾಡುವ ಲೆಕ್ಕ. ಆ ಲೆಕ್ಕ ಬಿಡಿಸಿದವಳು ನನ್ನ ತಂಗಿ. ಪಕ್ಕದ ಮನೆ ಹುಡುಗಿಯ ಹಳೇ ಪುಸ್ತಕದಲ್ಲಿ ತ್ರಿಕೋನಮಿತಿಯ ಪಾಠವಿತ್ತು. ಎತ್ತರ, ದೂರ ಕಂಡುಹಿಡಿಯುವ ಲೆಕ್ಕ. ಒಂದು ಕೋಲು ನೆಟ್ಟು, ಕೋಲಿನ ನೆರಳನ್ನೂ ಮರದ ನೆರಳನ್ನೂ ಅಳೆದಳು. ಮರ 25 ಅಡಿ. ತಟ್ಟೆ ಇರುವುದು ನೆಲದಿಂದ 10 ಅಡಿ ಮೇಲೆ. ತಟ್ಟೆಗಿಂತ ಮರ 15 ಅಡಿ ಎತ್ತರ. ತಟ್ಟೆಯಿಂದ ಮರದ ಹತ್ತಿರದ ಕೊಂಬೆಗೆ 12 ಅಡಿ ದೂರ. 'ಪುಸ್ತಕದಲ್ಲಿ 66ಕ್ಕೆ ಬೆಲೆ ಕೊಟ್ಟಿಲ್ಲ ಕಣಣ್ಣ, 60ಕ್ಕೆ ಅದೆ. 60 ಅಂತಲೇ ಇಟ್ಕೊ, ಅವನಿಗೇ ರಿಯಾಯ್ತಿ ಕೊಡನ' ಅಂದಳು. 60 ಡಿಗ್ರಿಗೆ 1.73. 12 ಅಡಿ ದೂರದಲ್ಲಿ ಆ ದಾರಿ ತಟ್ಟೆಗಿಂತ 20 ಅಡಿಗೂ ಮೇಲೆ ಹೋಗುತ್ತದೆ. ನಿಜವಾದ 66ಕ್ಕಾದರೆ 27 ಅಡಿ ಮೇಲೆ. ಮರ ಇರುವುದು 15 ಅಡಿ. ಮರದ ತಲೆ ಮೇಲೆ ಇನ್ನೊಂದು ಮನೆ ಕಟ್ಟಿದರೂ ಅಡ್ಡ ಬರುವುದಿಲ್ಲ.

ಹಾಗಾದರೆ ಆ ಮನುಷ್ಯನಿಗೆ ಮರ ಅಡ್ಡ ಅಂತ ಯಾಕೆ ಕಂಡಿತು? ಇದಕ್ಕೂ ಕಾರಣವಿದೆ. ಮನೆ ಡಿಶ್ಶು ಹಳೇ ಕಾಲದ ಬಟ್ಟಲಿನ ಹಾಗೆ ನೇರ ಮುಂದಕ್ಕೆ ನೋಡುವುದಿಲ್ಲ. ಎಲ್‌ಎನ್‌ಬಿಯ ನೆರಳು ತಟ್ಟೆಯ ಮೇಲೆ ಬೀಳದಿರಲಿ ಅಂತ ಅದನ್ನು ನಡುವಿನಲ್ಲಿಡದೆ ಕೆಳಗಡೆಯಿಂದ ಕೈ ಚಾಚಿ ಹಿಡಿದಿರುತ್ತಾರೆ. ಆದ್ದರಿಂದ ತಟ್ಟೆಯ ಮುಖ ತೋರುವ ದಿಕ್ಕೇ ಬೇರೆ, ಅದು ನಿಜವಾಗಿ ನೋಡುವ ದಿಕ್ಕೇ ಬೇರೆ. ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ಅದರ ದೃಷ್ಟಿ. ರಸ್ತೆ ಮೇಲೆ ನಿಂತು ನೋಡಿದವನಿಗೆ ತಟ್ಟೆ ಮರವನ್ನೇ ದಿಟ್ಟಿಸುತ್ತಿದೆ ಅನ್ನಿಸುತ್ತದೆ. ತಾರಸಿ ಹತ್ತಿ ಅಳೆದವನಿಗೆ ಹಾಗನ್ನಿಸುವುದಿಲ್ಲ. ದೂರದಲ್ಲಿ ನಿಂತು ಕೇರಿಯ ಮೇಲೆ ತೀರ್ಪು ಕೊಟ್ಟವರ ಸಾಲಿನಲ್ಲಿ ಇವನೊಬ್ಬ, ಅಷ್ಟೆ.

ಮರ ಗೆದ್ದಿತು. ಆದರೆ ಮೇಷ್ಟ್ರ ಮುಖ ಇನ್ನೂ ಒಡೆಯುತ್ತಲೇ ಇತ್ತು. ತಪ್ಪು ಎಲ್ಲೋ ಇದೆ. ಹುಡುಕಬೇಕು.

ಹುಡುಕುವ ಕ್ರಮವನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು.

ಮೊದಲು ಪಕ್ಕದ ಮನೆಗೆ ಹೋಗಿ ನೋಡಬೇಕು. ಅವರದ್ದೂ ನಿಮ್ಮದೇ ಥರದ ಡಿಶ್ಶಾಗಿದ್ದು, ಅವರ ಮನೆಯಲ್ಲೂ ಹೋಗಿದ್ದರೆ ತಟ್ಟೆ ಮುಟ್ಟಬೇಡಿ. ತಪ್ಪು ಮಳೆಯದ್ದಿರಬಹುದು, ಮೇಲಿನದ್ದೂ ಇರಬಹುದು. 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹಕ್ಕೆ ವಿದ್ಯುತ್ತಿನ ತೊಂದರೆಯಾಗಿ ಅದರ ಅರ್ಧ ಟ್ರಾನ್ಸ್‌ಪಾಂಡರುಗಳನ್ನು ಆರಿಸಬೇಕಾಯಿತು. ಅಂಥಾ ಹೊತ್ತಿನಲ್ಲಿ ತಾರಸಿ ಹತ್ತಿ ತಟ್ಟೆ ತಿರುಗಿಸಿದರೆ ಇದ್ದ ದಿಕ್ಕೂ ಹೋಗುತ್ತದೆ. ಪಕ್ಕದ ಮನೆಯಲ್ಲಿ ಬರುತ್ತಿದ್ದು ನಿಮ್ಮಲ್ಲಿ ಬರದಿದ್ದರೆ ಮಾತ್ರ ತಪ್ಪು ನಿಮ್ಮ 30 ಅಡಿಯೊಳಗೆ ಇದೆ.

ಎರಡನೇದು, ಯಾವಾಗ ಹೋಗುತ್ತದೆ, ಯಾವಾಗ ವಾಪಸು ಬರುತ್ತದೆ ಅಂತ ನೋಡಬೇಕು. ಇದನ್ನು ಕಂಡವಳು ಅವ್ವ. 'ಮಳ ಬಂದಾಗ ಹೋಗ್ಲಿ, ಮಳ ನಿಂತು ಬಿಸ್ಲು ಬಂದ್ರೂ ಮದ್ಯಾನ್ನಗಂಟ ಬರದಿಲ್ವಲ್ಲ. ಗಾಳಿ ಬಂದ್ರೂ ಕುಣಿತದ' ಅಂದಳು. ಈ ಒಂದು ಮಾತಿನಲ್ಲಿ ಅರ್ಧ ರಿಪೇರಿ ಮುಗಿದಿತ್ತು. ಜೋರು ಮಳೆಯಲ್ಲಿ ಹೋಗಿ, ಮಳೆ ಇಳಿದ ಕೂಡಲೇ ಬಂದರೆ ಅದು ಅಲೆಯ ಗುಣ, ಯಾರ ತಪ್ಪೂ ಅಲ್ಲ. ಮಳೆ ನಿಂತ ಮೇಲೂ ಬರದಿದ್ದರೆ ಎಲ್ಲೋ ನೀರು ಹೊಕ್ಕು ಕೂತಿದೆ. ಗಾಳಿಗೆ ಕುಣಿದರೆ ಏನೋ ಸಡಿಲವಾಗಿದೆ. ಬರೀ ತುಂತುರಿಗೇ ಹೋದರೆ ತಟ್ಟೆ ಗುರಿ ತಪ್ಪಿದೆ. ಅವ್ವನಿಗೆ ಅಕ್ಷರ ಬರದು. ಆದರೆ ಹೊಲದಲ್ಲಿ ಮೋಡ, ಗಾಳಿ, ನೀರು ನೋಡಿ ನೋಡಿ ಪಳಗಿದ ಕಣ್ಣು ಅದು.

ಮೂರನೇದು ಟಿ.ವಿ.ಯ ಮೇಲೆ ಕಾಣುವ ಎರಡು ಪಟ್ಟಿ. ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್ ಅಂತ ಒಂದು, ಕ್ವಾಲಿಟಿ ಅಂತ ಒಂದು ಇರುತ್ತದೆ. ಮೊದಲನೇದು ಬಲ, ಎರಡನೇದು ಗುಣ. ಜನ ಬಲದ ಪಟ್ಟಿ ನೋಡಿ ಮೋಸ ಹೋಗುತ್ತಾರೆ. ತಟ್ಟೆ ಖಾಲಿ ಆಕಾಶ ನೋಡುತ್ತಿದ್ದರೂ ಎಷ್ಟೋ ಬಾಕ್ಸುಗಳಲ್ಲಿ ಬಲದ ಪಟ್ಟಿ ಮುಕ್ಕಾಲು ತುಂಬಿರುತ್ತದೆ. ಎಲ್‌ಎನ್‌ಬಿ ತನ್ನ ಗದ್ದಲವನ್ನೇ ದೊಡ್ಡದು ಮಾಡಿ ಕಳಿಸುತ್ತಿರುತ್ತದೆ. ಗದ್ದಲವೂ ಬಲವೇ. ಆದರೆ ಅದರಲ್ಲಿ ಮಾತಿಲ್ಲ. ಗದ್ದಲದಿಂದ ಮಾತು ಎಷ್ಟು ಬೇರೆಯಾಗಿ ಸಿಗುತ್ತಿದೆ ಅಂತ ಹೇಳುವುದು ಗುಣದ ಪಟ್ಟಿ. ನಮ್ಮಲ್ಲಿ ಬಲ ತುಂಬಿತ್ತು, ಗುಣ ಕುಂಟುತ್ತಿತ್ತು. ನಮ್ಮ ತಾಲೂಕಿನ ಸಭೆಗಳಲ್ಲಿ ಭಾಷಣ ಕೇಳಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ತಂತಿ. ಬಾಕ್ಸಿನ ಪ್ಲಗ್ಗು ಕಿತ್ತು ಏಣಿ ಹತ್ತಿದೆ. ಕಿತ್ತೇ ಹತ್ತಬೇಕು, ಯಾಕೆಂದರೆ ಎಲ್‌ಎನ್‌ಬಿಗೆ 13 ಇಲ್ಲವೆ 18 ವೋಲ್ಟ್ ಕರೆಂಟು ಹೋಗುವುದು ಇದೇ ತಂತಿಯಲ್ಲಿ. ಮನುಷ್ಯನನ್ನು ಕೊಲ್ಲುವಷ್ಟಲ್ಲ, ಆದರೆ ತಂತಿ ತಂತಿ ತಾಗಿದರೆ ಬಾಕ್ಸು ಸುಟ್ಟೀತು. ಮಾಡಿನ ಹತ್ತಿರ ಕರೆಂಟು ಲೈನು ಹಾದಿದ್ದರೆ ಅದರ ತಂಟೆಗೆ ಹೋಗಬಾರದು, ಗುಡುಗು ಮಿಂಚಿದ್ದರೆ ಹತ್ತಲೇಬಾರದು. ತಾರಸಿ ಅಂಚಿನಲ್ಲಿ ಕಪ್ಪು ಟೇಪು ಸುತ್ತಿದ ಒಂದು ಗಂಟು ಕಂಡಿತು. ಬಿಚ್ಚಿದೆ. ಒಳಗೆ ಎರಡು ತುಂಡು ತಂತಿಯನ್ನು, ಹಸು ಕಟ್ಟುವ ಹಗ್ಗಕ್ಕೆ ಗಂಟು ಹಾಕುವ ಹಾಗೆ, ಬರಿಗೈಯಲ್ಲಿ ಹೊಸೆದಿದ್ದರು. ತಾಮ್ರ ಹಸಿರಾಗಿತ್ತು. ಹಿಂಡಿದರೆ ನೀರು ತೊಟ್ಟಿಕ್ಕಿತು.

ಈ ತಂತಿ ಕರೆಂಟಿನ ತಂತಿಯಂತಲ್ಲ. ನಡುವೆ ಒಂದು ತಾಮ್ರದ ಎಳೆ, ಅದರ ಸುತ್ತ ಬಿಳೀ ನೊರೆಯಂಥ ಹೊದಿಕೆ, ಅದರ ಮೇಲೆ ಹೆಣೆದ ತಂತಿಯ ಅಂಗಿ, ಅದರ ಮೇಲೆ ಪ್ಲಾಸ್ಟಿಕ್ಕು. ನಡುವಿನ ಎಳೆಗೂ ಹೊರಗಿನ ಅಂಗಿಗೂ ಇರುವ ದೂರ ಉದ್ದಕ್ಕೂ ಒಂದೇ ಸಮ ಇರಬೇಕು. ಹೊಸೆದ ಕಡೆ ಆ ದೂರ ಕೆಡುತ್ತದೆ. ಬಂದ ಅಲೆ ಅಲ್ಲಿ ಎಡವಿ ಹಿಂದಕ್ಕೆ ತಿರುಗುತ್ತದೆ. ನೀರು ಹೊಕ್ಕರಂತೂ ನೊರೆ ಹೊದಿಕೆ ಕುಡಿದು ಕುಡಿದು ಒಳಗೊಳಗೇ ಕೊಳೆಯುತ್ತದೆ, ಬಿಸಿಲು ಕಾದು ಒಣಗುವವರೆಗೂ ಚಿತ್ರ ಬರುವುದಿಲ್ಲ. ಅವ್ವ ಹೇಳಿದ ಮಧ್ಯಾಹ್ನದ ಲೆಕ್ಕ ಇದೇ.

ಗಂಟು ಹಾಕಿದ್ದು ಯಾಕೆ? ಉದ್ದ ಸಾಲಲಿಲ್ಲ ಅಂತ. ಒಂದೇ ಉದ್ದದ ಹೊಸ ತಂತಿ ಹಾಕುವ ಬದಲು ಅಂಗಡಿಯಲ್ಲಿ ಉಳಿದಿದ್ದ ಎರಡು ತುಂಡು ಸೇರಿಸಿದ್ದರು. ಅವ್ವ ಕೊಟ್ಟದ್ದು ಪೂರಾ ದುಡ್ಡು, ತುಂಡು ದುಡ್ಡಲ್ಲ.

ಎಲ್‌ಎನ್‌ಬಿಯ ಪಿನ್ನೂ ನೋಡಿದೆ. ಪಿನ್ನಿನೊಳಗೆ ಅಂಗಿಯ ಒಂದು ಎಳೆ ಕೂದಲಿನಷ್ಟು ನಡುವಿನ ತಾಮ್ರಕ್ಕೆ ತಾಗಿದರೂ ಮುಗೀತು. ಕೆಲವು ಚಾನಲ್ಲು ಬಂದು ಕೆಲವು ಬರದಿದ್ದರೆ ಎಲ್‌ಎನ್‌ಬಿಗೆ ಹೋಗಬೇಕಾದ ವೋಲ್ಟು ಪೂರಾ ಹೋಗುತ್ತಿಲ್ಲ ಅಂತಲೋ, ಅದು ತನ್ನ ಹಿಡಿಯಲ್ಲಿ ತಿರುಗಿಕೊಂಡಿದೆ ಅಂತಲೋ ಅರ್ಥ. ನಮ್ಮದು ನೆಟ್ಟಗಿತ್ತು. ಅದರ ಮುಂದಿನ ಮುಚ್ಚಳದ ಮೇಲೆ ಕಣಜದ ಮಣ್ಣುಗೂಡಿತ್ತು, ಮೆಲ್ಲಗೆ ಕೆರೆದೆ.

ಗಾಳಿಗೆ ಕುಣಿಯುವುದು ಉಳಿಯಿತು. ಅದನ್ನು ಹಿಡಿದವರು ಅಪ್ಪ. ಅವರು ಏಣಿ ಹತ್ತಿ ಬಂದು, ಏನೂ ಮಾತಾಡದೆ, ದಾರಕ್ಕೆ ಕಟ್ಟಿದ ಗುಂಡನ್ನು ಕಂಬದ ಪಕ್ಕ ಇಳಿಬಿಟ್ಟರು. ಮೂವತ್ತು ವರ್ಷ ಬೇರೆಯವರ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ ಗುಂಡು ಅದು. 'ಕಂಬ್ವೇ ವಾಲದ ಕನಾ. ಮೂರ್ ಬೋಲ್ಟ್ ಹಾಕವ್ರ, ನಾಕ್ನೇದ ಹಾಕೇ ಇಲ್ಲ' ಅಂದರು. ನಾಲ್ಕನೇ ತೂತು ಖಾಲಿಯಿತ್ತು. ಕಂಬ ಗುಂಡಿನ ಸೂತಕ್ಕೆ ನಿಲ್ಲದಿದ್ದರೆ ಅದರ ಮೇಲೆ ತಟ್ಟೆಯ ಎಲ್ಲಾ ಲೆಕ್ಕವೂ ಸುಳ್ಳು. ಇಲ್ಲಿ ಒಂದು ಡಿಗ್ರಿ ವಾಲಿದರೆ ಅಲ್ಲಿ, ಮೇಲೆ, 600 ಕಿಲೋಮೀಟರಿಗೂ ಹೆಚ್ಚು ದೂರ ಗುರಿ ತಪ್ಪುತ್ತದೆ. ಎರಡಡಿ ತಟ್ಟೆ ಒಂದು ಡಿಗ್ರಿಯನ್ನು ಬಿಸಿಲಿನಲ್ಲಿ ಹೇಗೋ ತಡೆದುಕೊಳ್ಳುತ್ತದೆ. ಮಳೆಗೆ ಅಂತ ಇಟ್ಟಿದ್ದ ಗಂಟೆಲ್ಲ ಆ ಒಂದು ಡಿಗ್ರಿಗೇ ಖರ್ಚಾಗಿ ಹೋಗಿರುತ್ತದೆ. ಅದಕ್ಕೇ ಹನಿ ಬಿದ್ದ ಕೂಡಲೇ ಕೈ ಖಾಲಿ. ಕೂಲಿ ಮನೆಯ ಹಾಗೇ. ದಿನ ನೆಟ್ಟಗಿದ್ದರೆ ನಡೆಯುತ್ತದೆ, ಒಂದು ಜ್ವರ ಬಂದರೆ ಸಾಲ.

ಮಾರನೇ ದಿವಸ ಒಂದೇ ಉದ್ದದ ತಂತಿ, ಎರಡು ಪಿನ್ನು, ಒಂದು ಬೋಲ್ಟು ತಂದೆ. ಎಲ್ಲ ಸೇರಿ, ಮರ ಕಡಿಯಿರಿ ಅಂತ ಹೇಳಿಹೋದದ್ದಕ್ಕೆ ಅವನಿಗೆ ಕೊಟ್ಟ ದುಡ್ಡಿಗಿಂತ ತುಸು ಹೆಚ್ಚಾಯಿತು. ಅಪ್ಪ ಕಂಬ ನಿಲ್ಲಿಸಿ ನಾಲ್ಕೂ ಬೋಲ್ಟು ಬಿಗಿದರು. ಪಿನ್ನಿನ ಹತ್ತಿರ ತಂತಿಯನ್ನು ಒಂದು ಗೇಣು ಕೆಳಕ್ಕೆ ಜೋಲು ಬಿಟ್ಟೆವು. ಹಾಗೆ ಬಿಟ್ಟರೆ ತಂತಿ ಹಿಡಿದು ಬರುವ ಮಳೆ ನೀರು ಪಿನ್ನಿನೊಳಕ್ಕೆ ಹೋಗದೆ ಜೋಲಿನಿಂದ ಕೆಳಕ್ಕೆ ತೊಟ್ಟಿಕ್ಕುತ್ತದೆ. ಆಮೇಲೆ ತಟ್ಟೆ ತಿರುಗಿಸುವ ಕೆಲಸ. ತಂಗಿ ಒಳಗೆ ಟಿ.ವಿ. ಮುಂದೆ ಕೂತು ಗುಣದ ಅಂಕಿ ಕೂಗೋಳು. ಕಿಟಕಿಯಲ್ಲಿ ಅವ್ವ ಅದನ್ನು ಮೇಲಕ್ಕೆ ಕೂಗೋಳು. ಇಲ್ಲಿ ಅವಸರ ಮಾಡಬಾರದು. ಬಾಕ್ಸು ಚಿತ್ರ ಹಿಡಿಯಲು ಎರಡು ಮೂರು ಸೆಕೆಂಡು ಬೇಕು. ಬೆರಳಗಲ ಸರಿಸಬೇಕು, ನಿಲ್ಲಬೇಕು, ಕೇಳಬೇಕು. ಮತ್ತೆ ಬೆರಳಗಲ. ಅಂಕಿ ಏರಿ ಏರಿ ಇಳಿಯಲು ಶುರುವಾದ ಜಾಗದಿಂದ ಒಂಚೂರು ಹಿಂದಕ್ಕೆ ಬಂದು ಬಿಗಿಯಬೇಕು. '41... 48... 55... 63... 60... ಹಿಂದ್ಕ ಬಾ ಅಣ್ಣ!' ಕೇರಿಯ ಹುಡುಗರೆಲ್ಲ ಮರದ ಕೆಳಗೆ ಸೇರಿ ಅಂಕಿ ಕೂಗಿದರು, ಕಬಡ್ಡಿ ಪಂದ್ಯದ ಹಾಗೆ.

ಆ ಹೊತ್ತಿನಿಂದ ತಂಗಿಯ ನೋಟ್ ಬುಕ್ಕಿನಲ್ಲಿ 'ಕಟ್' ಅನ್ನುವ ಪದ ಕಾಣಲಿಲ್ಲ. ಎಲ್ಲೋ ನಾಲ್ಕಾರು ಕಡೆ 'ಮಳೆ' ಅಂತ ಬರೆದಿದ್ದಳು. ಆ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಆ ಸೆಪ್ಟೆಂಬರಿನ ಕೊನೆಗೆ ಒಂದು ದಿನ ಮೋಡ ಬಿಟ್ಟು ಬಿಸಿಲು ಹೊಡೆದಿತ್ತು. ಬೆಳಿಗ್ಗೆ 11ರ ಸುಮಾರಿಗೆ ಚಿತ್ರ ಒಡೆದು ಕೆಲವು ನಿಮಿಷ ನಿಂತೇಹೋಯಿತು. ಅಕ್ಕಪಕ್ಕದ ಮನೆಗಳಲ್ಲೂ ನಿಂತಿತು. ಗೆಳೆಯ ಮೊದಲೇ ಹೇಳಿದ್ದ. ವರ್ಷಕ್ಕೆ ಎರಡು ಸಲ, ನಮ್ಮ ಸೀಮೆಯಲ್ಲಿ ಮಾರ್ಚ್ ನಡುವೆ ಹಾಗೂ ಸೆಪ್ಟೆಂಬರ್ ಕೊನೆಗೆ, ಕೆಲವು ದಿವಸ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸೂರ್ಯ ಸರಿದ ಮೇಲೆ ತಾನೇ ಬರುತ್ತದೆ, ಏನೂ ಮುಟ್ಟಬಾರದು.

ನಾನು ಅವ್ವನನ್ನು ತಾರಸಿಗೆ ಕರೆದೆ. ಅವ್ವ ಏಣಿ ಹತ್ತಿ ಬಂದಳು. ಆ ನಿಮಿಷದಲ್ಲಿ ಸೂರ್ಯ, ಉಪಗ್ರಹ, ನಮ್ಮ ತಟ್ಟೆ ಮೂರೂ ಒಂದೇ ಗೆರೆಯಲ್ಲಿದ್ದವು. ಬಿಸಿಲು ಯಾವ ದಾರಿಯಲ್ಲಿ ಬರುತ್ತಿದೆಯೋ ಪಾಠ ಬರುವುದೂ ಅದೇ ದಾರಿಯಲ್ಲಿ. ಆ ದಾರಿಯಲ್ಲಿ ಬೇವಿನ ಮರದ ಒಂದು ಕೊಂಬೆ ಅಡ್ಡ ಇದ್ದರೂ ಅದರ ನೆರಳು ತಟ್ಟೆ ಮೇಲೆ ಬೀಳಬೇಕಿತ್ತು. ತಟ್ಟೆ ಇಡೀ ಬೆಳ್ಳಗೆ ಹೊಳೆಯುತ್ತಿತ್ತು. ಮರದ ನೆರಳು ದೂರದಲ್ಲಿ ತನ್ನ ಬುಡದ ಹತ್ತಿರವೇ, ಅಕ್ಕಿ ಆರಿಸುವ ಹೆಂಗಸರ ಮೇಲೆ ಬಿದ್ದಿತ್ತು. 'ನೋಡವ್ವ, ಒಂದೆಲ ನೆಳ್ಳಾದ್ರೂ ಇದ್ದದಾ?' ಅಂದೆ. ಅವ್ವ ತಟ್ಟೆಯನ್ನೂ ಮರವನ್ನೂ ಎರಡೆರಡು ಸಲ ನೋಡಿದಳು. 'ಕಡ್ದು ಹಾಕಿದ್ರ ಯಾರ್ ತಂದ್ಕೊಟ್ಟಾರು ಇದ' ಅಂದಳು. ಅಷ್ಟೇ ಅಂದದ್ದು.

ಆಮೇಲೆ ಕೇರಿಯ ಮನೆ ಮನೆಯ ತಟ್ಟೆ ನೋಡಿದೆವು. ಬಹುಪಾಲು ಕಡೆ ಅದೇ ಗಂಟು, ಅದೇ ಟೇಪು, ಅದೇ ಖಾಲಿ ತೂತು. ಎಲ್ಲರಿಗೂ ಒಂದೊಂದು ಕಾರಣ ಹೇಳಿದ್ದರು. ಒಬ್ಬರಿಗೆ ನಿಮ್ಮ ಟಿ.ವಿ. ಹಳೇದು ಅಂತ, ಒಬ್ಬರಿಗೆ ನಿಮ್ಮ ಗೋಡೆ ಸರಿಯಿಲ್ಲ ಅಂತ, ಇನ್ನೊಬ್ಬರಿಗೆ ನಿಮ್ಮ ಮಕ್ಕಳು ರಿಮೋಟು ಒತ್ತಿ ಕೆಡಿಸಿದರು ಅಂತ. ಯಾರಿಗೂ ಗಂಟು ಹಾಕಿದ್ದು ನಾವು ಅಂತ ಹೇಳಿರಲಿಲ್ಲ. ಈಗ ನಮ್ಮ ಕೇರಿಯಲ್ಲಿ ಒಂದು ಪಾನಾ, ಒಂದು ಚಾಕು, ಒಂದು ಡಬ್ಬಿ ಪಿನ್ನು ಎಲ್ಲರಿಗೂ ಸೇರಿದ್ದು. ಹತ್ತುವುದು ಹುಡುಗ ಹುಡುಗಿಯರು. ಗುಂಡು ಹಿಡಿಯುವುದು ಅಪ್ಪನೇ.

ಗೆಳೆಯರೆ, ನಾನು ಹೇಳಬೇಕಾದ್ದು ಇಷ್ಟೇ. ಮೇಲಿನಿಂದ ಬರುವುದು ಎಲ್ಲರಿಗೂ ಬರುತ್ತಿದೆ. ನಡುವೆ ಯಾರೋ ತುಂಡು ತಂತಿಗೆ ಗಂಟು ಹಾಕಿರುತ್ತಾರೆ. ಹಾಕಿದವರು ಟೇಪು ಸುತ್ತಿ ಮುಚ್ಚಿ, ಬೀದಿಯಲ್ಲಿ ನಿಂತು ನಿಮ್ಮ ಮರದ ಕಡೆಗೆ ಬೆರಳು ತೋರಿಸುತ್ತಾರೆ. ಸಿಟ್ಟು ಮಾಡಿಕೊಂಡರೆ ಚಿತ್ರ ಬರುವುದಿಲ್ಲ, ಕೈಮುಗಿದರೂ ಬರುವುದಿಲ್ಲ. ಅಳೆಯಬೇಕು. ಬಿಚ್ಚಿ ನೋಡಬೇಕು. ಅವ್ವ ಕಂಡದ್ದು, ಅಪ್ಪ ಹಿಡಿದದ್ದು, ತಂಗಿ ಲೆಕ್ಕ ಹಾಕಿದ್ದು ಮೂರೂ ಕೂಡಬೇಕು. ಇನ್ನು ಮುಂದೆ ಯಾರಾದರೂ ನಿಮ್ಮ ಮನೆ ಮುಂದೆ ಗಾಡಿ ಇಳಿಯದೆ, ಮರ ಕಡಿಸಿ ಅಂದರೆ ಕೊಡಲಿ ಹುಡುಕಬೇಡಿ. ಏಣಿ ತಂದು ಅವನ ಮುಂದೆ ಇಡಿ. ಹತ್ತಿ ತೋರಿಸಪ್ಪ ಅನ್ನಿ.